ಎರಡು ಬೀಗದ ತಟ್ಟೆ

ಕಾಲುವೆಯ ಮೇಲಿನ ಕಬ್ಬಿಣದ ಕಾಲುಸೇತುವೆಯ ನಟ್ಟನಡುವೆ ತಟ್ಟೆಯಕ್ಕ ನಿಂತಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೈಯಲ್ಲಿ ನೈಲಾನ್ ಹಗ್ಗ, ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿದ ದಪ್ಪ ಗಾಜಿನ ಬಾಟಲಿ. ಬಾಟಲಿ ನೀರಿಗಿಳಿದ ಮೇಲೆ ಇನ್ನೊಂದು ತೆಳ್ಳನೆಯ ದಾರ ಎಳೆಯುತ್ತಾರೆ. ಬಿರಡೆ ಕಳಚುತ್ತದೆ, ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತದ್ದೇ ಬಾಟಲಿ ಮೇಲೆ ಬರುತ್ತದೆ. ಅದರ ಹೊರಮೈ ಒರೆಸಿ, ಐಸು ತುಂಬಿದ ಪೆಟ್ಟಿಗೆಯೊಳಗೆ ನೆಟ್ಟಗೆ ನಿಲ್ಲಿಸುತ್ತಾರೆ. ನಾನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಪಕ್ಕದಲ್ಲಿದ್ದೇನೆ.

“ಕರ್ಚೀಫು ತೆಗೀರಿ ಸಾರ್. ಐದು ನಿಮಿಷ ತಡ್ಕೊಂಡ್ರೆ ಮೂಗು ತಾನಾಗೇ ಸುಮ್ನಾಗತ್ತೆ. ಮುಚ್ಚಿ ತೆಗೆದು, ಮುಚ್ಚಿ ತೆಗೆದು ಮಾಡಿದ್ರೆ ಪ್ರತಿ ಸಲ ಹೊಸದಾಗಿ ನಾರತ್ತೆ,” ಎನ್ನುತ್ತಾರೆ. ಹೇಳಿದಂತೆ ಮಾಡುತ್ತೇನೆ. ಹತ್ತು ನಿಮಿಷವಾದರೂ ನನ್ನ ಮೂಗು ಸುಮ್ಮನಾಗುವುದಿಲ್ಲ. “ನಿಮ್ದು ಪೇಪರಿನವರ ಮೂಗು, ಸ್ವಲ್ಪ ಹಟ ಜಾಸ್ತಿ,” ಎಂದು ನಕ್ಕು ಇನ್ನೊಂದು ಬಾಟಲಿಗೆ ಹಗ್ಗ ಕಟ್ಟುತ್ತಾರೆ.

ಸೇತುವೆಯ ಎಡಕ್ಕೆ ದೊಡ್ಡ ಆಸ್ಪತ್ರೆಯ ಹಿಂಗೋಡೆ. ಗೋಡೆಯ ಬುಡದಲ್ಲಿ ಒಬ್ಬ ಮನುಷ್ಯ ತಲೆ ಬಗ್ಗಿಸಿ ನುಸುಳಬಹುದಾದಷ್ಟು ಅಗಲದ ಸಿಮೆಂಟು ಮೋರಿ. ವಾರ್ಡುಗಳನ್ನು ಬೆಳಗಿನ ಜಾವ ತೊಳೆಯುತ್ತಾರೆ. ಆ ನೀರು, ಬಚ್ಚಲ ನೀರು, ಹಾಸಿಗೆಬಟ್ಟೆ ಒಗೆದ ನೀರು, ರೋಗಿಗಳ ಮೈಯಿಂದ ಹೊರಬಿದ್ದ ಔಷಧಿಯ ಶೇಷ, ಎಲ್ಲವೂ ಈ ಹೊತ್ತಿಗೇ ಕಾಲುವೆಗೆ ಸುರಿಯುತ್ತದೆ. ಅದಕ್ಕೇ ತಟ್ಟೆಯಕ್ಕನೂ ಈ ಹೊತ್ತಿಗೇ ಬರುತ್ತಾರೆ. ಬಲಕ್ಕೆ, ನೀರು ಹರಿದು ಹೋಗುವ ಕಡೆ, ಮೆಟ್ಟಿಲಿಳಿದರೆ ಒಂದು ಓಣಿ. ಓಣಿಯ ಮೂರನೆಯ ಮನೆ ಅವರದೇ.

ಮೆಟ್ಟಿಲ ಬುಡದ ಕೆಸರನ್ನು ಉದ್ದ ಹಿಡಿಯ ಚಮಚದಿಂದ ತೆಗೆದು ಡಬ್ಬಿಗೆ ಹಾಕಿದರೆ ಇಲ್ಲಿಯ ಕೆಲಸ ಮುಗಿಯಿತು. ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಬಿಗಿಯುತ್ತಾರೆ. “ನೀರಿಗೆ ಬಿಸಿ ತಾಗಬಾರದು. ತಾಗಿದ್ರೆ ದಾರೀಲೇ ಒಳಗಿರೋರು ಹೆಚ್ಕೊಂಡುಬಿಡ್ತಾರೆ. ಕಾಲುವೇಲಿ ಎಷ್ಟು ಜನ ಇದ್ರೋ ಅಷ್ಟೇ ಜನ ಅಲ್ಲಿ ಹೋಗಿ ಇಳೀಬೇಕು.” ಒಳಗಿರುವವರು ಎಂದರೆ ಬ್ಯಾಕ್ಟೀರಿಯಾಗಳು. ತಟ್ಟೆಯಕ್ಕನ ಬಾಯಲ್ಲಿ ಅವರು ‘ಅವು’ ಆಗುವುದು ಸಿಟ್ಟು ಬಂದಾಗ ಮಾತ್ರ.

ಪ್ರಯೋಗಾಲಯ ಇರುವುದು ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ. ಹಿಂದಿನ ಕೋಣೆಗೆ ಎಲ್ಲರೂ ಅಡುಗೆಮನೆ ಎನ್ನುತ್ತಾರೆ, ತಮಾಷೆಗೆ ಏನಲ್ಲ. ಅಲ್ಲಿ ನಡೆಯುವುದು ಅಡುಗೆಯೇ, ಉಣ್ಣುವವರು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಕಡಲ ಪಾಚಿಯಿಂದ ತೆಗೆದ ಅಗರ್ ಎಂಬ ಪುಡಿಯನ್ನು ಪೋಷಕಾಂಶದ ಸಾರಿನಲ್ಲಿ ಕಲಸಿ, ಎದೆಮಟ್ಟ ಬರುವ ಸ್ಟೀಲಿನ ಕುಕ್ಕರಿನಲ್ಲಿ ಬೇಯಿಸಿ, ಹದಕ್ಕೆ ಆರಿಸಿ, ಬೇಕಾದ ಔಷಧಿ ಬೆರೆಸಿ, ಅಂಗೈಯಗಲದ ಮುಚ್ಚಳದ ತಟ್ಟೆಗಳಿಗೆ ಸುರಿಯಬೇಕು. ಆರಿದರೆ ಗಟ್ಟಿ ಗಂಜಿಯಂತೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸಿದರೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ದಿನಕ್ಕೆ ಇನ್ನೂರಕ್ಕೆ ಕಡಿಮೆಯಿಲ್ಲದಂತೆ ತಟ್ಟೆ ಸುರಿಯುವುದರಿಂದ ಈಕೆ ತಟ್ಟೆಯಕ್ಕ.

ಶುರುವಾದದ್ದು ತಟ್ಟೆಯಿಂದಲ್ಲ, ಬಾಟಲಿಯಿಂದ. ಮದುವೆಯಾಗಿ ಈ ಓಣಿಗೆ ಬಂದಾಗ ಗಂಡನದು ಲಾರಿ ಡ್ರೈವರ್ ಕೆಲಸ. ಇಂದಿಗೂ ಅದೇ, ತಿಂಗಳಲ್ಲಿ ಅರ್ಧಪಾಲು ರಸ್ತೆಯ ಮೇಲೆಯೇ. ಮನೆಯಲ್ಲಿ ಕೂತು ಬೇಸರವಾಗಿ ಈಕೆ ತಂಪುಪಾನೀಯದ ಬಾಟಲಿ ತೊಳೆಯುವ ಕಾರ್ಖಾನೆ ಸೇರಿದರು. ಅದಕ್ಕೆ ಬೀಗ ಬಿದ್ದಾಗ ಯಾರೋ ಹೇಳಿದರು, ಪ್ರಯೋಗಾಲಯದಲ್ಲಿ ಗಾಜು ತೊಳೆಯುವವರು ಬೇಕಂತೆ ಎಂದು. “ಅಲ್ಲಿ ಬಾಟಲಿ ಫಳಫಳ ಅಂದ್ರೆ ಸಾಕಿತ್ತು. ಇಲ್ಲಿ ಫಳಫಳ ಅಂದ್ರೂ ಸಾಲಲ್ಲ, ಒಳಗೆ ಒಂದು ಜೀವಾನೂ ಇರಬಾರದು. ಮೊದಲ ತಿಂಗಳು ತೊಳೆದದ್ದನ್ನೇ ತೊಳೆದು ಕೈ ಸುಕ್ಕಾಯ್ತು,” ಎನ್ನುತ್ತಾರೆ.

ಆಗ ಅಡುಗೆಮನೆ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರಂತೆ. ನಿವೃತ್ತಿಗೆ ಮುಂಚೆ ಅವರು ಈಕೆಗೆ ಹದ ಕಲಿಸಿದರು. ಅಗರ್ ತೀರಾ ಆರಿದರೆ ಫ್ಲಾಸ್ಕಿನಲ್ಲೇ ಗಡ್ಡೆಕಟ್ಟುತ್ತದೆ. ತೀರಾ ಬಿಸಿಯಿದ್ದಾಗ ಔಷಧಿ ಬೆರೆಸಿದರೆ ಔಷಧಿ ಸತ್ತುಹೋಗುತ್ತದೆ. ಫ್ಲಾಸ್ಕನ್ನು ಮಣಿಕಟ್ಟಿನ ಒಳಮೈಗೆ ಒತ್ತಿ ಹಿಡಿದು, ಸುಡುತ್ತದೆ ಆದರೆ ತಡೆದುಕೊಳ್ಳಬಹುದು ಎನ್ನುವಾಗ ಬೆರೆಸಬೇಕು. ಹದ ಕಾಯುವ ಬಿಸಿನೀರಿನ ತೊಟ್ಟಿ ಒಂದಿದೆ, ಡಿಗ್ರಿ ತೋರಿಸುತ್ತದೆ. ಅದು ಆಗಾಗ ಕೈಕೊಡುತ್ತದೆ. ಆಗೆಲ್ಲ ಮಣಿಕಟ್ಟೇ ಗತಿ.

ಇಷ್ಟೆಲ್ಲ ಅಡುಗೆ ಯಾಕೆ ಎಂಬುದಕ್ಕೆ ಈ ಪ್ರಯೋಗಾಲಯದ ಮುಖ್ಯಸ್ಥೆಯ ಬಳಿ ಹೋಗಬೇಕು. ಎಲ್ಲರಿಗೂ ಅವರು ಮೇಡಂ. ನೆಲ, ನೀರು, ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ಬಂಧುಬಳಗ ಹುಡುಕುವುದು ಅವರ ಕಸುಬು. ನನಗೆ ಅವರು ಗೋಡೆಯ ಮೇಲಿನ ಚಿತ್ರ ತೋರಿಸುತ್ತ ತಾಳ್ಮೆಯಿಂದ ವಿವರಿಸಿದರು. ನಮಗೆ ವಂಶವಾಹಿ, ಅಂದರೆ ಎಲ್ಲರ ಬಾಯಲ್ಲಿರುವ ಜೀನ್, ಬರುವುದು ಹೆತ್ತವರಿಂದ. ಬ್ಯಾಕ್ಟೀರಿಯಾಗಳಿಗೆ ಅದರ ಜೊತೆಗೆ ಇನ್ನೊಂದು ದಾರಿಯೂ ಇದೆ. ಪಕ್ಕದಲ್ಲಿರುವ, ಕುಲವೇ ಬೇರೆಯಾದ ಬ್ಯಾಕ್ಟೀರಿಯಾ ಒಂದು ಸಣ್ಣ ಕೊಳವೆ ಚಾಚಿ, ತನ್ನಲ್ಲಿರುವ ಜೀನಿನ ತುಂಡೊಂದರ ಪ್ರತಿಯನ್ನು ಇದಕ್ಕೆ ದಾಟಿಸಬಲ್ಲದು. ಆ ತುಂಡಿನಲ್ಲಿ ಔಷಧಿಯನ್ನು ತಡೆದುಕೊಳ್ಳುವ ಗುಣ ಇದ್ದರೆ, ಪಡೆದುಕೊಂಡದ್ದಕ್ಕೂ ಆ ಗುಣ ಬರುತ್ತದೆ.

“ಆಸ್ಪತ್ರೆ ಮೋರೀಲಿರೋದು ದಿನಾ ಔಷಧಿ ಕುಡಿದು ಜಗ್ಗದೆ ನಿಂತಿರೋ ಗಟ್ಟಿಗರು. ಕಾಲುವೆ ಕೆಸರಿನವರು ಪಾಪದವರು, ಯಾರ ತಂಟೆಗೂ ಹೋದವರಲ್ಲ,” ಎಂದು ಮಧ್ಯೆ ಬಾಯಿ ಹಾಕಿದವರು ತಟ್ಟೆಯಕ್ಕ. “ಇವರು ಅವರ ಹತ್ರ ಕಲಿತುಬಿಟ್ರೆ ಕಷ್ಟ. ಕೆಸರಿನವರು ಊರು ತುಂಬ ಇದಾರೆ ಸಾರ್. ಚಪ್ಪಲಿಗೆ ಅಂಟಿ ಮನೆ ಒಳಗೂ ಬರ್ತಾರೆ.”

ಮೋರಿಯ ಬ್ಯಾಕ್ಟೀರಿಯಾದಲ್ಲೂ ಓಣಿಯ ಮೆಟ್ಟಿಲ ಬುಡದ ಕೆಸರಿನ ಕೆಲವು ಬ್ಯಾಕ್ಟೀರಿಯಾಗಳಲ್ಲೂ ಒಂದೇ ಜೀನ್ ಇರುವುದನ್ನು ಮೇಡಂ ಮೊದಲೇ ಕಂಡಿದ್ದರು. ಒಂದೇ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಉತ್ತರ ಅಡುಗೆಮನೆಯ ಕಡೆಯಿಂದ ಬಂತು. “ನಮ್ಮತ್ತೆ ಹತ್ರ ಅಂಗಿ ಕತ್ತರಿಸೋ ಕಾಗದದ ಅಚ್ಚು ಇತ್ತು. ಕಾಲರ್ರು ಎಡಗಡೆ ಒಂದು ನೂಲು ಉದ್ದ. ಓಣಿಯವರೆಲ್ಲ ಅದನ್ನ ಈಸ್ಕೊಂಡು ಹೋಗಿ ಕತ್ತರಿಸ್ಕೊಂಡ್ರು. ಇವತ್ತಿಗೂ ಎಡಕ್ಕೆ ವಾಲಿರೋ ಕಾಲರ್ ಕಂಡ್ರೆ ಅದು ನಮ್ಮತ್ತೆ ಅಚ್ಚು. ಹಾಕ್ಕೊಂಡವರು ನಮ್ಮತ್ತೆ ಮಕ್ಕಳೇನಲ್ಲ.” ಮೇಡಂ ತಲೆಯಾಡಿಸಿದರು. ತಾನು ಕಂಪ್ಯೂಟರಿನಲ್ಲಿ ಮಾಡುವುದು ಅದನ್ನೇ, ಕಾಲರ್ ಹೋಲಿಸುವುದನ್ನು, ಎಂದರು.

ಈ ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಓಣಿಗೆ ಅವರು ಮಿಷನ್ ಅಜ್ಜಿ. ಬಾಗಿಲ ಪಕ್ಕದಲ್ಲೇ ತುಳಿಯುವ ಹೊಲಿಗೆ ಮಿಷನ್, ಅದರ ಹಿಂದೆ ಅವರು. ಕಾಲುವೆ ಉಕ್ಕಿ ಮನೆಯೊಳಗೆ ನುಗ್ಗಿದ ವರ್ಷ, ಮೊಣಕಾಲ ಮಟ್ಟದ ನೀರಿನಲ್ಲಿ ನಿಂತು ಮಿಷನ್ನನ್ನು ಮಂಚದ ಮೇಲಕ್ಕೆತ್ತುವಾಗ ಬಲಗಾಲಿಗೆ ಗಾಜಿನ ಚೂರು ನೆಟ್ಟಿತು. ಗಾಯ ಸಣ್ಣದು. ಆದರೆ ಕೊಟ್ಟ ಯಾವ ಔಷಧಿಗೂ ಜಪ್ಪಯ್ಯ ಎನ್ನಲಿಲ್ಲ. ಒಂದಾದ ಮೇಲೊಂದು ಬದಲಿಸಿ, ಕೊನೆಗೆ ಅದೇ ದೊಡ್ಡ ಆಸ್ಪತ್ರೆಯಲ್ಲಿ ಪಾದ ತೆಗೆದರು. ಈಗ ಎಡಗಾಲೊಂದರಲ್ಲೇ ತುಳಿಯುತ್ತಾರೆ.

“ಡಾಕ್ಟ್ರು ಚಿನ್ನದಂಥವರು ಕಣಪ್ಪ. ನಂಗಿಂತ ಹೆಚ್ಚಾಗಿ ಅವರೇ ಒದ್ದಾಡಿದ್ರು,” ಎಂದು ಮಿಷನ್ ಅಜ್ಜಿ ನನಗೆ ಹೇಳಿದರು. “ಆದ್ರೆ ಅವರ ಮೋರಿ ನಮ್ಮ ಕಾಲುವೆಗೆ ಯಾಕೆ ಬೀಳ್ಬೇಕು ಅಂತ ಕೇಳ್ತೀನಿ. ಕೇಳೋದ್ರಲ್ಲಿ ತಪ್ಪೇನಿದೆ?” ಸೂಜಿಗೆ ದಾರ ಪೋಣಿಸುತ್ತ ಕೇಳಿದ ಪ್ರಶ್ನೆ ಅದು. ನನ್ನ ಮುಖ ನೋಡಲಿಲ್ಲ.

ಅದೇ ಪ್ರಶ್ನೆ ಈಗ ನಗರಸಭೆಯ ಮುಂದಿದೆ. ಮೋರಿಯ ನೀರನ್ನು ಆಸ್ಪತ್ರೆ ತನ್ನ ಆವರಣದಲ್ಲೇ ತೊಟ್ಟಿ ಕಟ್ಟಿ ಶುದ್ಧ ಮಾಡಿ ಬಿಡಬೇಕು ಎಂದು ಓಣಿಯವರು ಅರ್ಜಿ ಕೊಟ್ಟು, ವಿಚಾರಣೆ ನಡೆಯುತ್ತಿದೆ. ಆಸ್ಪತ್ರೆಯ ಕಡೆಯವರ ವಾದ ಸರಳ. ಕೆಸರಿನಲ್ಲಿ ಇಂಥ ಜೀನ್ ಮೊದಲಿನಿಂದಲೂ ಇದ್ದಿರಬಹುದು, ಬೇರೆಲ್ಲಿಂದಲೋ ಬಂದಿರಬಹುದು, ಈ ಕಾಲುವೆಯ ನೀರಿನಲ್ಲೇ ದಾಟುತ್ತದೆ ಎನ್ನಲು ಏನು ಸಾಕ್ಷಿ? ವಾದ ಕೇಳಿ ನನಗೆ ಮೈ ಉರಿಯಿತು. ಮೇಡಂ ಮಾತ್ರ ನ್ಯಾಯವಾದ ಪ್ರಶ್ನೆ ಎಂದರು. ಕಾಲರ್ ಒಂದೇ ಎಂದು ಹೇಳಬಹುದು, ಅಚ್ಚು ಯಾರ ಮನೆಯ ಜಗಲಿಯಲ್ಲಿ ಕೈ ಬದಲಾಯಿಸಿತು ಎನ್ನುವುದಕ್ಕೆ ಬೇರೆ ಪ್ರಯೋಗ ಬೇಕು.

ಆ ಪ್ರಯೋಗ ಹೀಗೆ. ಮೋರಿಯ ಬ್ಯಾಕ್ಟೀರಿಯಾ ಮೊದಲನೆಯ ಔಷಧಿಯನ್ನು ತಡೆದುಕೊಳ್ಳುತ್ತದೆ, ಎರಡನೆಯದಕ್ಕೆ ಸಾಯುತ್ತದೆ. ಆ ಗುಣ ಇನ್ನೂ ಬಂದಿಲ್ಲದ ಕೆಸರಿನ ಬ್ಯಾಕ್ಟೀರಿಯಾ ಎರಡನೆಯದನ್ನು ಹುಟ್ಟಿನಿಂದಲೇ ತಡೆದುಕೊಳ್ಳುತ್ತದೆ, ಮೊದಲನೆಯದಕ್ಕೆ ಸಾಯುತ್ತದೆ. ಇವೆರಡನ್ನೂ ಕಾಲುವೆಯ ನೀರಿನಲ್ಲೇ, ಕಾಲುವೆಯಷ್ಟೇ ಬೆಚ್ಚಗೆ, ಒಂದು ರಾತ್ರಿ ಒಟ್ಟಿಗೆ ಬಿಡುತ್ತಾರೆ. ಮಾರನೆಯ ದಿನ ಎರಡೂ ಔಷಧಿ ಬೆರೆಸಿದ ತಟ್ಟೆಗೆ ಹರಡುತ್ತಾರೆ. “ಎರಡು ಬೀಗ ಹಾಕಿರೋ ಬಾಗಿಲು ಅಂದ್ಕೊಳ್ಳಿ. ಇಬ್ಬರ ಹತ್ರಾನೂ ಒಂದೊಂದೇ ಬೀಗದ ಕೈ. ಒಬ್ಬೊಬ್ಬರೇ ಬಂದ್ರೆ ಯಾರೂ ಒಳಗೆ ಹೋಗೋಕಾಗಲ್ಲ. ರಾತ್ರಿ ಒಬ್ಬರು ಇನ್ನೊಬ್ಬರಿಗೆ ಬೀಗದ ಕೈ ನಕಲು ಮಾಡಿ ಕೊಟ್ಟಿದ್ರೆ ಮಾತ್ರ ಬಾಗಿಲು ತೆಗೆಯತ್ತೆ,” ಎಂದು ತಟ್ಟೆಯಕ್ಕ ಬಿಡಿಸಿ ಹೇಳಿದರು. ಬಾಗಿಲು ಗಟ್ಟಿಯಿದೆಯೇ ಎಂದು ನೋಡಲು ಮೋರಿಯದನ್ನೇ ಒಂದು ತಟ್ಟೆಗೆ, ಕೆಸರಿನದನ್ನೇ ಇನ್ನೊಂದಕ್ಕೆ ಬೇರೆ ಬೇರೆಯಾಗಿ ಹಾಕುತ್ತಾರೆ. ಅವೆರಡೂ ಖಾಲಿ ಉಳಿಯಬೇಕು.

ಮೊದಲ ಸಲ ಪ್ರಯೋಗ ಮಾಡಿದಾಗ ಎಲ್ಲವೂ ಅಂದುಕೊಂಡಂತೆಯೇ ಬಂತು. ಒಂಟಿಯಾಗಿ ಹಾಕಿದ ತಟ್ಟೆಗಳು ಖಾಲಿ. ಬೆರೆಸಿ ಹಾಕಿದ ತಟ್ಟೆಗಳಲ್ಲಿ ಎಣಿಸಲಾಗದಷ್ಟು ಚುಕ್ಕೆ. ಮೇಡಂ ವರದಿ ಬರೆದು ವಿಚಾರಣೆಗೆ ಕೊಟ್ಟರು. ಓಣಿಗೆ ಓಣಿಯೇ ಕುಣಿಯಿತು. ಮಿಷನ್ ಅಜ್ಜಿ ಅಂದು ಹೊಲಿಗೆ ನಿಲ್ಲಿಸಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಹೋಗಿ ಬರುವವರಿಗೆಲ್ಲ “ನಮ್ಮ ಸೊಸೆ ಸುರಿದ ತಟ್ಟೆ” ಎಂದು ಹೇಳಿದ್ದೇ ಹೇಳಿದ್ದು.

ಒಂದು ವಾರ ಕಳೆದಿರಬೇಕು. ಆ ಪ್ರಯೋಗದ ತಟ್ಟೆಗಳಲ್ಲಿ ಎರಡು ಮಿಕ್ಕಿದ್ದವು. ಎಸೆಯಲು ಮನಸ್ಸು ಬಾರದೆ ತಟ್ಟೆಯಕ್ಕ ಅವಕ್ಕೆ ಹೊಸ ಕೆಸರಿನ ಬ್ಯಾಕ್ಟೀರಿಯಾ ಹಚ್ಚಿಟ್ಟರು. ಬರೀ ಕೆಸರಿನದು, ಒಂದೇ ಬೀಗದ ಕೈ ಇರುವಂಥದ್ದು. ಬೆಳೆಯಬಾರದಿತ್ತು. ಮಾರನೆಯ ದಿನ ಎರಡೂ ತಟ್ಟೆಗಳಲ್ಲಿ ಅಂಚಿನವರೆಗೆ ಬೆಳೆದು ನಿಂತಿದ್ದವು.

“ಅಲ್ಲೇ ಸ್ಟೂಲ್ ಮೇಲೆ ಕೂತೆ. ಆ ದಿನ ಏನೇನು ಮಾಡಿದ್ದೆ ಅಂತ ಒಂದೊಂದೇ ನೆನಪು ಮಾಡ್ಕೊಂಡೆ,” ಎನ್ನುತ್ತಾರೆ. ಆ ದಿನ ಬಿಸಿನೀರಿನ ತೊಟ್ಟಿ ಕೆಟ್ಟಿತ್ತು. ಸುರಕ್ಷತೆಗೆಂದು ಹೊಸದಾಗಿ ಬಂದ ದಪ್ಪ ಕೈಗವಸು ಮೊಣಕೈವರೆಗೂ ಇತ್ತು. ತಡವಾದರೆ ಕಾಲುವೆಯ ನೀರು ಕೆಡುತ್ತದೆ ಎಂಬ ಅವಸರದಲ್ಲಿ ಅದನ್ನು ತೆಗೆಯದೆಯೇ ಫ್ಲಾಸ್ಕು ಒತ್ತಿ ನೋಡಿದ್ದರು. ದಪ್ಪ ರಬ್ಬರಿನ ಮೇಲೆ ಉಗುರುಬೆಚ್ಚಗೆ ಅನ್ನಿಸಿದ್ದು ಒಳಗೆ ಸುಡುಸುಡು ಇತ್ತು. ಮೊದಲನೆಯ ಔಷಧಿ ಬೆರೆಸಿದ ಕೂಡಲೇ ಕೆಟ್ಟಿತು, ಎರಡನೆಯದು ಬಿಸಿ ತಡೆದುಕೊಂಡಿತು. ಎರಡು ಬೀಗದಲ್ಲಿ ಒಂದು ಕಳಚಿಬಿತ್ತು, ಕೆಸರಿನವು ಯಾರಿಂದಲೂ ಏನೂ ಪಡೆಯದೆಯೇ ಒಳಗೆ ನುಗ್ಗಿದವು.

ಹಾಗಾದರೆ ಒಂಟಿ ತಟ್ಟೆಗಳು ಖಾಲಿ ಉಳಿದದ್ದು ಹೇಗೆ? ಇಲ್ಲೇ ಇರುವುದು ಕಿತಾಪತಿ. ಹಿಂದಿನ ದಿನ ಸುರಿದ ಒಳ್ಳೆಯ ತಟ್ಟೆಗಳು ನಾಲ್ಕಾರು ಮಿಕ್ಕಿದ್ದವು. ದಂಡ ಮಾಡುವುದೇಕೆ ಎಂದು ಒಂಟಿಯವಕ್ಕೆ ಅವನ್ನು ಬಳಸಿದ್ದರು, ಬೆರೆಸಿದವಕ್ಕೆ ಹೊಸ ಫ್ಲಾಸ್ಕಿನವನ್ನು. ಗಟ್ಟಿಯಿದೆಯೇ ಎಂದು ತಳ್ಳಿ ನೋಡಿದ್ದು ಒಂದು ಬಾಗಿಲು, ಜನ ನುಗ್ಗಿದ್ದು ಇನ್ನೊಂದರಲ್ಲಿ. “ಕೈಗವಸಿನ ಮೇಲೆ ಹಾಕೋದು ಸುಲಭ ಸಾರ್. ಕೈ ನಂದು. ಉಳಿತಾಯ ಮಾಡೋಕೆ ಹೋದ ಬುದ್ಧೀನೂ ನಂದೇ.”

ಎರಡು ತಟ್ಟೆ. ಕುಕ್ಕರಿಗೆ ಹಾಕಿ ಮುಚ್ಚಳ ತಿರುಗಿಸಿದ್ದರೆ ಮುಗಿಯುತ್ತಿತ್ತು. ವರದಿ ಬೇಕಾದ ಹಾಗೆಯೇ ಇತ್ತು. ಓಣಿಗೆ ಬೇಕಾಗಿತ್ತು, ಅತ್ತೆಗೆ ಬೇಕಾಗಿತ್ತು, ಎಲ್ಲರಿಗಿಂತ ಹೆಚ್ಚಾಗಿ ತಟ್ಟೆಯಕ್ಕನಿಗೇ ಬೇಕಾಗಿತ್ತು. ಆ ಯೋಚನೆ ಬಂತೇ ಎಂದು ಕೇಳಿದೆ. “ಬಂತು. ಬರಲಿಲ್ಲ ಅಂದ್ರೆ ಸುಳ್ಳಾಗತ್ತೆ. ಕುಕ್ಕರಿನವರೆಗೂ ಹೋದೆ. ಆಮೇಲೆ ನಂಗೇ ನನ್ನ ಮೇಲೆ ಅಸಹ್ಯ ಆಯ್ತು. ನಾಳೆ ಆಸ್ಪತ್ರೆಯವರೇ ಇದನ್ನ ಕಂಡುಹಿಡಿದು ಎಲ್ಲರ ಮುಂದೆ ಇಟ್ರೆ? ಅವರು ಇಡದೇ ಇದ್ರೂ, ಇಲ್ಲದ್ದನ್ನ ಇದೆ ಅಂದ ಹಾಗಾಗತ್ತಲ್ಲ.”

“ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಎರಡು ತಟ್ಟೆ. ನಮ್ಮ ವರದಿ ತಪ್ಪು ಮೇಡಂ, ಅಂದರು,” ಎಂದು ಮೇಡಂ ನೆನೆಯುತ್ತಾರೆ. “ನನಗೆ ವಿಪರೀತ ಸಿಟ್ಟು ಬಂತು. ಚೆನ್ನಾಗಿ ಬೈದೆ. ಬೈದು ಮುಗಿಸಿದ ಮೇಲೆ ಹೊಳೀತು, ಅಷ್ಟು ಚುಕ್ಕೆ ನೋಡಿ ನಾನೂ ಅನುಮಾನ ಪಡಬೇಕಿತ್ತು. ಖುಷಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ.” ಅದೇ ದಿನ ಮೇಡಂ ವರದಿಯನ್ನು ಹಿಂದಕ್ಕೆ ಪಡೆದರು. ವಿಚಾರಣೆಯ ಅಧಿಕಾರಿ ಒಂದು ತಿಂಗಳು ಗಡುವು ಕೊಟ್ಟರು. ಅಷ್ಟರಲ್ಲಿ ಹೊಸ ವರದಿ ಬಾರದಿದ್ದರೆ ಅರ್ಜಿ ವಜಾ. ಹೊಸ ನೀರು, ಕೆಸರು ತಂದು, ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿ, ಪ್ರಯೋಗವನ್ನು ಮೊದಲಿಂದ ಮಾಡಲು ಒಂದು ಸಲಕ್ಕೆ ಮಾತ್ರ ಸಮಯವಿತ್ತು.

ಓಣಿಯಲ್ಲಿ ಆಮೇಲೆ ನಡೆದದ್ದನ್ನು ತಟ್ಟೆಯಕ್ಕ ಹೇಳುವುದಿಲ್ಲ. ಹೇಳಿದವರು ಅತ್ತೆ. ನಲ್ಲಿಯ ಬಳಿ ಯಾರೂ ಮಾತಾಡಿಸುತ್ತಿರಲಿಲ್ಲವಂತೆ. ಗೆದ್ದ ಆಟವನ್ನು ಕೈಯಾರೆ ಕೆಡಿಸಿದಳು ಎಂದು ಕೇಳಿಸುವ ಹಾಗೆಯೇ ಅನ್ನುತ್ತಿದ್ದರಂತೆ. ಆಸ್ಪತ್ರೆಯ ಕಡೆಯಿಂದ ಏನಾದರೂ ಬಂದಿರಬೇಕು ಎಂದೂ ಒಬ್ಬರು ಗುಸುಗುಸು ಮಾಡಿದರಂತೆ. “ಆ ಮಾತು ಆಡಿದವಳ ಲಂಗ ಇಲ್ಲೇ ಇತ್ತು. ಹೊಲೀದೆ ವಾಪಸ್ ಕಳಿಸ್ದೆ,” ಎಂದರು ಮಿಷನ್ ಅಜ್ಜಿ, ಹಲ್ಲಿನಿಂದ ದಾರ ಕತ್ತರಿಸುತ್ತ.

ಆದರೆ ಸೊಸೆಯ ಮೇಲೆ ಅವರಿಗೂ ಮುನಿಸಿತ್ತು. ಆ ಸಂಜೆ ವಿಷಯ ಕೇಳಿ ಗೋಡೆ ಕಡೆ ತಿರುಗಿ ಮಲಗಿದ್ದರು. ಬೆಳಿಗ್ಗೆ ಸೊಸೆ ಸೈಕಲ್ ತೆಗೆಯುವಾಗ ಅವರು ಒಂದು ಅಂಗಿಯ ತೋಳಿನ ಹೊಲಿಗೆ ಬಿಚ್ಚುತ್ತ ಕೂತಿದ್ದರಂತೆ. “ತೋಳು ಸೊಟ್ಟ ಬಂದಿದೆ. ಇಸ್ತ್ರಿ ಹೊಡೆದು ಕೊಟ್ರೆ ಅವನಿಗೆ ಗೊತ್ತಾಗಲ್ಲ. ಹಾಕ್ಕೊಂಡು ಕೈ ಎತ್ತಿದಾಗ ಗೊತ್ತಾಗತ್ತೆ,” ಎಂದರಂತೆ. ಆಮೇಲೆ, “ನಿಂತ್ಕೊಂಡು ಏನು ನೋಡ್ತೀಯ. ನಾನು ಬಿಚ್ತಾ ಇದೀನಿ, ನೀನೂ ಹೋಗಿ ಬಿಚ್ಚು. ಬಿಚ್ಚಿ ಮತ್ತೆ ಹೊಲಿ.” ಇದನ್ನು ಹೇಳಿದವರು ತಟ್ಟೆಯಕ್ಕ. ಹೇಳುತ್ತಲೇ ಖಾಲಿ ಫ್ಲಾಸ್ಕೊಂದನ್ನು ತೆಗೆದುಕೊಂಡು ಸುಮ್ಮನೆ ತೊಳೆದರು.

ಅಂದಿನಿಂದ ಈ ಅಡುಗೆಮನೆಯಲ್ಲಿ ಹೊಸ ಪದ್ಧತಿ. ಒಂಟಿಯವಕ್ಕೂ ಬೆರೆಸಿದವಕ್ಕೂ ಒಂದೇ ಫ್ಲಾಸ್ಕಿನ ತಟ್ಟೆ. ಮಿಕ್ಕದ್ದು ಎಷ್ಟೇ ಒಳ್ಳೆಯದಿದ್ದರೂ ಪಕ್ಕಕ್ಕೆ. ಫ್ಲಾಸ್ಕಿನೊಳಗೆ ಥರ್ಮಾಮೀಟರು, ಹೊರಗೆ ಬರಿಯ ಮಣಿಕಟ್ಟು, ಎರಡೂ ಹೂಂ ಎಂದ ಮೇಲೆ ಔಷಧಿ. ಮರುಪ್ರಯೋಗದ ದಿನ ಬಿಸಿನೀರಿನ ತೊಟ್ಟಿ ಮತ್ತೆ ಕೆಟ್ಟಿತ್ತಂತೆ. ಯಾರು ಕರೆದರೂ ಏಳದೆ ತಟ್ಟೆಯಕ್ಕ ಫ್ಲಾಸ್ಕಿನ ಪಕ್ಕದಲ್ಲೇ ಕೂತಿದ್ದರು. ಅದಕ್ಕೂ ಮುಂಚಿನ ವಾರವೆಲ್ಲ ಜ್ವರ. ಜ್ವರದಲ್ಲೇ ಸೇತುವೆಗೆ ಹೋಗಿ ಹೊಸ ನೀರು, ಹೊಸ ಕೆಸರು ತಂದರು. ಬೇರೆಯವರು ತರುತ್ತೇವೆ ಎಂದರೆ, “ನೀವು ತಂದು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮನ್ನ ಬೈಬೇಕಾಗತ್ತೆ. ನಾನು ತಂದ್ರೆ ನನ್ನನ್ನೇ ಬೈಕೋಬಹುದು,” ಎಂದರಂತೆ.

ನಾನು ಸೇತುವೆಗೆ ಹೋದ ಈ ಬೆಳಿಗ್ಗೆಯೇ ಆ ತಟ್ಟೆಗಳನ್ನು ಹೊರತೆಗೆಯುವ ದಿನ. ಎರಡು ದಿನದಿಂದ ಅವು ಮೈಯಷ್ಟೇ ಬೆಚ್ಚಗಿರುವ ಬೀರುವಿನಲ್ಲಿವೆ. ಮೇಡಂ ಬರುವವರೆಗೆ ಬೀರು ತೆಗೆಯಬಾರದೆಂದು ತಟ್ಟೆಯಕ್ಕನೇ ಕಟ್ಟುಪಾಡು ಹಾಕಿದ್ದಾರೆ. ತಂದ ನೀರನ್ನು ಫ್ರಿಜ್ಜಿಗೆ ಸೇರಿಸಿ, ಮೇಜು ಒರೆಸಿ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ.

“ಎಲ್ಲ ತಟ್ಟೆಗಳೂ ಖಾಲಿ ಬಂದರೆ?” ಎಂದು ಕೇಳುತ್ತೇನೆ. ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

“ಖಾಲಿ ಬಂದ್ರೆ ಖಾಲಿ ಅಂತ ಬರೀತಾರೆ.”

“ಅತ್ತೆಗೆ ಏನು ಹೇಳುತ್ತೀರಿ?”

“ಅದನ್ನೇ. ಅವರಿಗೊಂದು, ಬೇರೆಯವರಿಗೊಂದು ಲೆಕ್ಕ ಹೇಳೋಕಾಗತ್ತಾ.” ಒರೆಸುವ ಬಟ್ಟೆ ಹಿಂಡುತ್ತ ಮುಂದುವರಿಸುತ್ತಾರೆ. “ಅವರ ಕಾಲಿಗೆ ಬಂದದ್ದು ಮೋರಿಯಿಂದ ಬಂತಾ ಅಂತ ಇದ್ಯಾವುದರಿಂದಲೂ ಗೊತ್ತಾಗಲ್ಲ ಸಾರ್. ಆಗಿನ ಗಾಯದ ಕೀವು ಯಾರೂ ಎತ್ತಿಟ್ಟಿಲ್ಲ. ಅತ್ತೆಗೂ ಹೇಳಿದೀನಿ. ಮುಂದೆ ಯಾರದೋ ಕಾಲು ಉಳಿದ್ರೆ ಸಾಕು ಅಂದ್ರು.” ಭಯವಾಗುತ್ತಿದೆಯೇ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೌದು ಎನ್ನುತ್ತಾರೆ.

ಮೇಡಂ ಬರುತ್ತಾರೆ. ಚೀಲ ಕೆಳಗಿಡುವ ಮುಂಚೆಯೇ “ತೆಗೀರಿ” ಎನ್ನುತ್ತಾರೆ. ಬೀರುವಿನ ಬಾಗಿಲು ತೆರೆದಾಗ ಬೆಚ್ಚನೆಯ ಗಾಳಿ ಮುಖಕ್ಕೆ ಬರುತ್ತದೆ. ನಾನು ಬೆರೆಸಿದ ತಟ್ಟೆಗಳಿಗೆ ಕತ್ತು ಚಾಚುತ್ತೇನೆ. ತಟ್ಟೆಯಕ್ಕ ಅವನ್ನು ಮುಟ್ಟುವುದೇ ಇಲ್ಲ. ಮೊದಲು ಒಂಟಿಯವನ್ನು ತೆಗೆದು, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಾರೆ. ಮೋರಿಯವು ಖಾಲಿ. ಕೆಸರಿನವು ಖಾಲಿ. ಒಂದು ಚುಕ್ಕೆಯೂ ಇಲ್ಲ. ಈ ಸಲ ಬಾಗಿಲು ಗಟ್ಟಿಯಿದೆ.

ಆಮೇಲೆ ಬೆರೆಸಿದವು. ಮೊದಲನೆಯ ತಟ್ಟೆ ಖಾಲಿ. ಎರಡನೆಯದೂ ಖಾಲಿ. ಮೇಡಂ ಮುಖ ಬಿಗಿಯುತ್ತದೆ. ಮೂರನೆಯದರಲ್ಲಿ ತಟ್ಟೆಯಕ್ಕನ ಬೆರಳು ನಿಲ್ಲುತ್ತದೆ. ಅಂಚಿಗೆ ಹತ್ತಿರ, ಸಾಸಿವೆಗಿಂತ ಸಣ್ಣದು, ಹಾಲುಬಣ್ಣದ್ದು. ಅದರ ಪಕ್ಕ ಇನ್ನೊಂದು. ಉಳಿದ ತಟ್ಟೆಗಳನ್ನೂ ನೋಡಿ, ಎಲ್ಲ ಚುಕ್ಕೆಗಳನ್ನೂ ಇಬ್ಬರೂ ಬೇರೆ ಬೇರೆಯಾಗಿ ಎಣಿಸಿ, ಆಮೇಲೆ ಬಾಯಿ ಬಿಡುತ್ತಾರೆ. ಇಬ್ಬರದೂ ಹನ್ನೊಂದು.

“ದಾಟಿದೆ,” ಎನ್ನುತ್ತಾರೆ ಮೇಡಂ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಈ ಹನ್ನೊಂದರ ಜೀನ್ ಮೋರಿಯದೇ ಎಂದು ಹೋಲಿಸಿ ನೋಡಲು ಎರಡು ದಿನ ಸಾಕು, ವಿಚಾರಣೆಗೆ ಮುಂಚೆ ಆಗುತ್ತದೆ ಎಂದು ನನಗೆ ವಿವರಿಸುತ್ತಾರೆ. ಮೊದಲ ವರದಿಯಲ್ಲಿದ್ದದ್ದಕ್ಕಿಂತ ಬಹಳ ಕಡಿಮೆ, ಅದನ್ನೂ ಹಾಗೆಯೇ ಬರೆಯುತ್ತೇನೆ ಎನ್ನುತ್ತಾರೆ. ಒಂದು ರಾತ್ರಿ, ಒಂದು ಲೋಟ ನೀರಿನಲ್ಲಿ ಹನ್ನೊಂದು. ಕಾಲುವೆ ವರ್ಷವಿಡೀ ಹರಿಯುತ್ತದೆ.

ತಟ್ಟೆಯಕ್ಕ ಮೂಲೆಗೆ ಹೋಗಿ ಮನೆಗೆ ಫೋನು ಮಾಡುತ್ತಾರೆ. ಆ ಕಡೆಯಿಂದ ಮಿಷನ್ನಿನ ಸದ್ದು ನನಗೂ ಕೇಳುತ್ತದೆ, ಅತ್ತೆಯ ಗಟ್ಟಿ ದನಿಯೂ.

“ಎಷ್ಟು ಬಂತು?”

“ಹನ್ನೊಂದು ಅತ್ತೆ.”

“ಹೋದ ಸಲ ಎಣಿಸೋಕೆ ಆಗದಷ್ಟು ಇತ್ತು ಅಂದಿದ್ದೆ.”

“ಅದು ಸುಳ್ಳಿನವು. ಇವು ನಿಜವಾದವು.”

ಮಿಷನ್ ನಿಲ್ಲುತ್ತದೆ. “ಹನ್ನೊಂದು ಸಾಕು ಬಿಡು,” ಎನ್ನುತ್ತಾರೆ ಮಿಷನ್ ಅಜ್ಜಿ. ಮತ್ತೆ ತುಳಿಯುವ ಸದ್ದು.

ತಟ್ಟೆಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಬರುತ್ತಾರೆ. ಇನ್ನೇನು ಬೇಕು ಎಂದು ಕೇಳುತ್ತೇನೆ. ಆಸ್ಪತ್ರೆಯವರು ತೊಟ್ಟಿ ಕಟ್ಟಬೇಕು, ಕಟ್ಟಿದ ಮೇಲೂ ತಾನು ಅದೇ ಸೇತುವೆಯಿಂದ ಬಾಟಲಿ ಇಳಿಸಬೇಕು ಎನ್ನುತ್ತಾರೆ. ತೊಟ್ಟಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಯಾರಾದರೂ ನೋಡಬೇಕಲ್ಲ.

ಹೊರಡುವ ಮುಂಚೆ ಪುರವಣಿಗೊಂದು ಚಿತ್ರ ಬೇಕೆಂದು, ಚುಕ್ಕೆ ಬೆಳೆದ ತಟ್ಟೆ ಹಿಡಿದು ನಿಲ್ಲಲು ಕೋರುತ್ತೇನೆ. ಬೇಡವೆಂದು ತಲೆಯಾಡಿಸಿ ಅದನ್ನು ಮೇಡಂ ಕೈಗೆ ಕೊಡುತ್ತಾರೆ. ಖಾಲಿ ತಟ್ಟೆಗಳಲ್ಲಿ ಒಂದನ್ನು ಎತ್ತಿ, ಎದೆಯ ಮುಂದೆ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಬೆಳಕಿಗೆ ತಿರುಗಿ ನಿಲ್ಲುತ್ತಾರೆ.

“ಇದರದ್ದು ತೆಗೀರಿ ಸಾರ್. ಆ ಹನ್ನೊಂದು ಅವರವರೇ ಮಾಡ್ಕೊಂಡಿದ್ದು. ಈ ಖಾಲಿ ತಟ್ಟೆ ಇದೆಯಲ್ಲ, ಇದು ನಾನು ಮಾಡಿದ್ದು.”